ಮಕ್ಕಳ ಮೊರೆಯನ್ನು ಅಡಗಿಸುವವರಾರು?

ಹೆಸರು ಮರೆಸಿಕೊಂಡ ದುರುಳರು ಅಂತರ್ಜಾಲದಲ್ಲಿ ಮಕ್ಕಳೊಡನೆ ಸ್ನೇಹ ಬೆಳೆಯಿಸಿ, ಅವರಿಂದ ಚಿತ್ರಗಳನ್ನು ತರಿಸಿಕೊಂಡು, ಬಳಿಕ ಅವನ್ನೇ ತೋರಿಸಿ ಬೆದರಿಸುತ್ತಾರೆ. ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರಿನಿಂದ, 16 ವರ್ಷ ತುಂಬದವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯೇ ಕೂಡದೆಂದು ವಿಧಿಸಿದೆ. ಇಲ್ಲಿಯೂ ಅಂತಹ ನಿಷೇಧ ಬೇಕೆಂಬ ಮಾತು ಕೇಳಿಬರುತ್ತಿದೆ. ತಂದೆಯ ಫೋನೇ ಮಗನ ಆಟದ ಸಾಮಾನಾಗಿರುವ ಮನೆಗಳಲ್ಲಿ ಖಾತೆ ಯಾರದೆಂದು ವಿಚಾರಿಸುವವರಾರೋ ನಾವರಿಯೆವು.

ನಮ್ಮಲ್ಲಿ ಕಾಯಿದೆಗೆ ಕೊರತೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡಿದವನಿಗೆ ಮೊದಲ ಸಲವೇ 5 ವರ್ಷಗಳವರೆಗೆ ಸೆರೆ, 10 ಲಕ್ಷ ರೂಪಾಯಿಗಳವರೆಗೆ ದಂಡ. 2012ರ ಪೋಕ್ಸೊ ಕಾಯಿದೆಯಾದರೋ, ಇಂತಹ ಅಪರಾಧವನ್ನು ತಿಳಿದೂ ಪೊಲೀಸರಿಗೆ ತಿಳಿಸದವರಿಗೂ 6 ತಿಂಗಳವರೆಗೆ ಸೆರೆಮನೆಯನ್ನು ತೋರಿಸುತ್ತದೆ. ಶಾಲೆಯ ಹೆಸರು ಕೆಟ್ಟೀತೆಂದು ಎಲ್ಲವನ್ನೂ ಒಳಗೊಳಗೇ ಮುಚ್ಚಿಬಿಡುವ ಆಡಳಿತ ಮಂಡಲಿಗಳು ಈ ಕಲಮನ್ನು ಓದಿವೆಯೆ?

ಮನೆಯ ಪಾಡೂ ಇದೇ. ಹೇಳಿದರೆ ಏಟು ಬೀಳುವುದು, ಫೋನು ಹೋಗುವುದು ಎಂದು ಮಗು ಬಾಯಿ ಬಿಡದು. ಬೆದರಿಸುವವನ ಬಂಡವಾಳವೆಲ್ಲ ಈ ಅಂಜಿಕೆಯೇ! ಆದಕಾರಣ ತಂದೆತಾಯಿಗಳು ಮೊದಲು ಕೈ ತಡೆದು ಮಾತು ಕೇಳಬೇಕು. ಬಂದ ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಹಾಕಬಾರದು, ಅವೇ ಸಾಕ್ಷ್ಯ. ಮಕ್ಕಳು ನಿರ್ಭಯವಾಗಿ ಹೇಳಿಕೊಳ್ಳಬಹುದಾದ ಉಪಾಧ್ಯಾಯಿನಿಯೊಬ್ಬರನ್ನು ಪ್ರತಿಯೊಂದು ಶಾಲೆಯೂ ಗೊತ್ತುಮಾಡಲಿ. ಪೋಷಕರ ಸಭೆಯಲ್ಲಿ ಅಂಕಗಳ ಪುರಾಣವನ್ನು ಅರ್ಧ ಗಂಟೆ ನಿಲ್ಲಿಸಿ ಈ ವಿಷಯವನ್ನೆತ್ತಲಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಗಳ ದೂರಿಗೆ 1930. ಈ ಎರಡು ಸಂಖ್ಯೆಗಳನ್ನು ತರಗತಿಯ ಗೋಡೆಯ ಮೇಲೆ ಬರೆಯಿಸುವುದಕ್ಕೆ ಮುಖ್ಯೋಪಾಧ್ಯಾಯರು ಇಲಾಖೆಯ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ.