ಕಮಾನು ಪಟ್ಟಿಯ ಉದ್ದ ಮತ್ತು ಕಲ್ಲುನೆಲದ ಜೀಪು

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಹೋಬಳಿಯಿಂದ ಮಧುಗಿರಿ, ಶಿರಾ, ಪಾವಗಡಗಳವರೆಗೆ ಹಬ್ಬಿರುವ ಬಯಲುಸೀಮೆಯ ನೆಲವು ಡಾಂಬರು ಬಿಟ್ಟು ಇಳಿದ ವಾಹನದ ಚಕ್ರಗಳಿಗೆ ಒಂದೇ ಬಗೆಯ ಪರೀಕ್ಷೆಯನ್ನು ಒಡ್ಡುವುದಿಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಬತ್ತಿದ ಪಾತ್ರದಲ್ಲಿ ಮರಳು, ಚನ್ನರಾಯನದುರ್ಗ ಮತ್ತು ಸಿದ್ದರಬೆಟ್ಟಗಳ ತಪ್ಪಲಿನಲ್ಲಿ ಉರುಳಿ ನಿಂತ ಗುಂಡುಕಲ್ಲು, ಹೊಲದಿಂದ ಹೊಲಕ್ಕೆ ಬದು, ಮುಂಗಾರಿನ ಒಂದೆರಡು ಜೋರು ಮಳೆಗೆ ಕೆಂಪು ಮಣ್ಣಿನಲ್ಲಿ ಕೊರೆದುಹೋದ ಕೊರಕಲು, ಇವೆಲ್ಲವೂ ಕೆಲವೇ ಮೈಲಿಗಳೊಳಗೆ ಒಂದರ ಹಿಂದೊಂದು ಎದುರಾಗುತ್ತವೆ. ಇಂಥ ನೆಲದಲ್ಲಿ ವಾಹನವನ್ನು ಮುಂದಕ್ಕೆ ಒಯ್ಯುವುದು ಎಂಜಿನ್ನಿನ ಶಕ್ತಿಗಿಂತ ಹೆಚ್ಚಾಗಿ ನಾಲ್ಕೂ ಚಕ್ರಗಳು ನೆಲವನ್ನು ಬಿಡದೆ ಹಿಡಿದಿರುವ ಗುಣ. ಆ ಗುಣವನ್ನು ಜೀಪಿನಂಥ ವಾಹನಕ್ಕೆ ಕೊಡುವುದು ಅದರ ಅಡಿಯಲ್ಲಿ ಧೂಳು ಮೆತ್ತಿಕೊಂಡು ಕುಳಿತಿರುವ ಕಮಾನು ಪಟ್ಟಿ, ಅದರಲ್ಲಿಯೂ ಮುಖ್ಯವಾಗಿ ಆ ಪಟ್ಟಿಯ ಉದ್ದ.

ಕಮಾನು ಪಟ್ಟಿ ಎಂದರೆ ಒಂದರ ಮೇಲೊಂದು ಜೋಡಿಸಿ, ನಡುವೆ ಒಂದು ಬೋಲ್ಟಿನಿಂದ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಲಾರಿ ಚಾಲಕರ ಬಾಯಲ್ಲಿ ಇದು ಪಾಟಾ ಅಥವಾ ಬ್ಲೇಡು. ಎರಡೂ ತುದಿಗಳಲ್ಲಿ ಸುರುಳಿ ಸುತ್ತಿದ ಕಣ್ಣುಗಳಿರುವ ಅತಿ ಉದ್ದದ ಪಟ್ಟಿಯನ್ನು ಮೈನ್ ಬ್ಲೇಡ್ ಎನ್ನುತ್ತಾರೆ. ಪಟ್ಟಿಗಳನ್ನು ಎದುರುಬದುರಾಗಿ ಜೋಡಿಸಿ ಅಂಡಾಕಾರದ ಸ್ಪ್ರಿಂಗ್ ಮಾಡುವ ವಿಧಾನಕ್ಕೆ ಇಂಗ್ಲೆಂಡಿನ ಓಬಡಯ್ಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ ಬಳಿಕ ಕುದುರೆಗಾಡಿಗಳ ನಡೆಯೇ ಬದಲಾಯಿತು. ಆ ಅಂಡದ ಕೆಳಗಿನ ಅರ್ಧವನ್ನು ಮಾತ್ರ ಉಳಿಸಿಕೊಂಡದ್ದು ಇಂದಿನ ಅರೆ ಅಂಡಾಕಾರದ ಪಟ್ಟಿ. ಪಟ್ಟಿಯ ಬಿಗಿಯನ್ನು ಲೆಕ್ಕ ಹಾಕುವ ಕ್ರಮವನ್ನು ಫ್ರಾನ್ಸಿನ ಎಂಜಿನಿಯರ್ ಎಡ್ವಾರ್ಡ್ ಫಿಲಿಪ್ಸ್ ರೈಲುಗಾಡಿಗಳ ಸ್ಪ್ರಿಂಗುಗಳಿಗಾಗಿ 1852ರಲ್ಲಿ ಪ್ರಕಟಿಸಿದನು. ಹಳೆಯ ಮೈಸೂರಿನ ಊರುಗಳಲ್ಲಿ ಓಡುತ್ತಿದ್ದ ಜಟಕಾ ಗಾಡಿಯ ಅಡಿಯಲ್ಲಿದ್ದದ್ದೂ, ಇಂದು ಗೂಡ್ಸ್ ಆಟೊದಿಂದ ಹಿಡಿದು ಹತ್ತು ಚಕ್ರದ ಲಾರಿಯವರೆಗೆ ಭಾರ ಹೊರುತ್ತಿರುವುದೂ ಇದೇ ವಂಶದ ಪಟ್ಟಿ.

ಇದರ ಕೆಲಸದಲ್ಲಿ ಒಂದು ವಿಶೇಷವಿದೆ. ಸುರುಳಿ ಸ್ಪ್ರಿಂಗು ಭಾರವನ್ನು ಮಾತ್ರ ಹೊರುತ್ತದೆ. ಎರಡೂ ಕಡೆಯ ಚಕ್ರಗಳನ್ನು ಒಂದೇ ದಂಡವಾಗಿ ಜೋಡಿಸುವ ಆಕ್ಸಲನ್ನು, ಅಂದರೆ ಗಾಡಿಯವರು ಅಚ್ಚು ಎನ್ನುವುದನ್ನು, ಹಿಂದೆ ಮುಂದೆ ಸರಿಯದಂತೆ ಹಿಡಿಯಲು ಬೇರೆ ಸರಳುಗಳು ಬೇಕಾಗುತ್ತವೆ. ಕಮಾನು ಪಟ್ಟಿಯಾದರೋ ಭಾರ ಹೊರುವುದರ ಜೊತೆಗೆ ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ತಾನೇ ಮಾಡುತ್ತದೆ, ಪಟ್ಟಿಗಳು ಪರಸ್ಪರ ಉಜ್ಜುವುದರಿಂದ ಕುಲುಕಾಟವನ್ನೂ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಬಾಗಿದ ಪಟ್ಟಿ ಭಾರಕ್ಕೆ ಚಪ್ಪಟೆಯಾದಾಗ ಅದರ ಎರಡು ಕಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಎಡೆ ಕೊಡಲು ಒಂದು ಕಣ್ಣನ್ನು ಚಾಸಿಗೆ ಸ್ಥಿರವಾಗಿ ಕೂರಿಸಿ, ಇನ್ನೊಂದನ್ನು ಶ್ಯಾಕಲ್ ಎಂಬ ತೂಗುವ ಜೋಡಿ ತುಂಡಿನ ಮೂಲಕ ನೇತುಹಾಕಿರುತ್ತಾರೆ. ಶ್ಯಾಕಲ್ಲಿಗೆ ತೂಗಲು ಜಾಗವಿಲ್ಲದಿದ್ದರೆ ಎಂಥ ಒಳ್ಳೆಯ ಪಟ್ಟಿಯೂ ಕಟ್ಟಿಹಾಕಿದ ಕಬ್ಬಿಣದ ದಂಡವಾಗಿಬಿಡುತ್ತದೆ.

ಪಟ್ಟಿಯ ಬಿಗಿ, ಅಂದರೆ ಅದನ್ನು ಒಂದು ಮಿಲಿಮೀಟರ್ ಬಾಗಿಸಲು ಬೇಕಾಗುವ ಭಾರ, ನಾಲ್ಕು ಅಂಶಗಳನ್ನು ಅವಲಂಬಿಸಿದೆ, ಆದರೆ ನಾಲ್ಕನ್ನೂ ಒಂದೇ ರೀತಿಯಲ್ಲಿ ಅಲ್ಲ. ಪಟ್ಟಿಗಳ ಸಂಖ್ಯೆಯಾಗಲಿ ಅಗಲವಾಗಲಿ ಎರಡರಷ್ಟಾದರೆ ಬಿಗಿಯೂ ಎರಡರಷ್ಟಾಗುತ್ತದೆ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ, ಏಕೆಂದರೆ ಅದು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಉದ್ದ ಎರಡರಷ್ಟಾದರೆ ಬಿಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಘನದ ಲೆಕ್ಕವೇ ಇಡೀ ವಿಷಯದ ತಿರುಳು. ಉದ್ದವನ್ನು ಶೇ 10ರಷ್ಟು ಮಾತ್ರ ಹೆಚ್ಚಿಸಿದರೂ ಬಿಗಿ ಸುಮಾರು ಕಾಲು ಭಾಗ ತಗ್ಗುತ್ತದೆ. 6 ಮಿಲಿಮೀಟರ್ ದಪ್ಪದ ಪಟ್ಟಿಗಳ ಬದಲು 8 ಮಿಲಿಮೀಟರಿನವನ್ನು ಹಾಕಿದರೆ ಬಿಗಿ ಎರಡೂಕಾಲು ಪಟ್ಟನ್ನು ಮೀರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡುವುದು ಇಲ್ಲಿ ಅಗತ್ಯ. ಕಣ್ಣಿನಿಂದ ಕಣ್ಣಿಗೆ 1000 ಮಿಲಿಮೀಟರ್ ಉದ್ದ, 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಆರು ಪಟ್ಟಿಗಳ ಒಂದು ಕಟ್ಟು, ಲೆಕ್ಕದ ಪ್ರಕಾರ, ಪ್ರತಿ ಮಿಲಿಮೀಟರ್ ಬಾಗಿಗೆ ಸುಮಾರು 3.5 ಕಿಲೋಗ್ರಾಂ ಭಾರವನ್ನು ಕೇಳುತ್ತದೆ, ಆದ್ದರಿಂದ ವಾಹನದ ಒಂದು ಮೂಲೆಯ 300 ಕಿಲೋಗ್ರಾಂ ಭಾರ ಮೇಲೆ ಬಿದ್ದಾಗ ಅದು ಸುಮಾರು 85 ಮಿಲಿಮೀಟರ್ ಕುಸಿಯುತ್ತದೆ. ಇದರ ಉದ್ದವನ್ನು 1150 ಮಿಲಿಮೀಟರಿಗೆ ಏರಿಸಿ ಬೇರೇನನ್ನೂ ಬದಲಿಸದಿದ್ದರೆ ಬಿಗಿ ಮೂರನೆಯ ಎರಡು ಪಾಲಿಗೆ ಇಳಿಯುತ್ತದೆ, ಆದರೆ ಅದೇ ಭಾರಕ್ಕೆ ಉಕ್ಕಿನೊಳಗಿನ ಒತ್ತಡ ಶೇ 15ರಷ್ಟು ಹೆಚ್ಚುತ್ತದೆ. ಉದ್ದನೆಯ ಪಟ್ಟಿ ಬೇಗ ಕಟ್ ಆಗುತ್ತದೆ ಎಂಬ ದೂರಿಗೆ ಕಾರಣ ಇದೇ. ಈಗ ಅದೇ 6 ಮಿಲಿಮೀಟರ್ ದಪ್ಪದ ಏಳನೆಯ ಪಟ್ಟಿಯೊಂದನ್ನು ಸೇರಿಸಿದರೆ ಒತ್ತಡ ಮೊದಲಿದ್ದ ಮಟ್ಟಕ್ಕೇ ಮರಳುತ್ತದೆ, ಬಿಗಿ ಮಾತ್ರ ಮೂಲದ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಉಕ್ಕಿಗೆ ಹೆಚ್ಚಿನ ಶಿಕ್ಷೆಯಿಲ್ಲದೆ ಮೃದುವಾದ ನಡೆಯನ್ನು ಪಡೆಯುವ ದಾರಿ ಇದು: ಉದ್ದ ಹೆಚ್ಚಲಿ, ದಪ್ಪ ಹೆಚ್ಚದಿರಲಿ, ಭಾರಕ್ಕೆ ಬೇಕಾದ ಬಲ ತೆಳುವಾದ ಪಟ್ಟಿಗಳ ಸಂಖ್ಯೆಯಿಂದ ಬರಲಿ.

ಚಕ್ರದ ಏರಿಳಿತದ ದೃಷ್ಟಿಯಿಂದ ನೋಡಿದರೆ ಉದ್ದದ ಲಾಭ ಇನ್ನೂ ಸ್ಪಷ್ಟವಾಗುತ್ತದೆ. ಗುಂಡುಕಲ್ಲಿನ ಮೇಲೆ ಒಂದು ಚಕ್ರ ಏರಿ ಎದುರು ಬದಿಯ ಚಕ್ರ ಕೊರಕಲಿಗೆ ಇಳಿದಾಗ ಪಟ್ಟಿ ಎಷ್ಟು ದೂರ ಬಾಗಬೇಕೆಂಬುದನ್ನು ನೆಲ ನಿರ್ಧರಿಸುತ್ತದೆಯೇ ಹೊರತು ಪಟ್ಟಿಯಲ್ಲ. ಒಂದೇ ದೂರದ ಬಾಗಿಗೆ ಉಕ್ಕಿನಲ್ಲಿ ಹುಟ್ಟುವ ಒತ್ತಡ ಉದ್ದದ ವರ್ಗಕ್ಕೆ ವಿಲೋಮವಾಗಿರುವುದರಿಂದ, 1150 ಮಿಲಿಮೀಟರಿನ ಪಟ್ಟಿ 1000 ಮಿಲಿಮೀಟರಿನದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ದಣಿಯುತ್ತದೆ. ಹೊಳವನಹಳ್ಳಿಯ ಆಸುಪಾಸಿನ ಬದು ಮತ್ತು ಕೊರಕಲುಗಳಲ್ಲಿ ದಿನವಿಡೀ ಮೈ ತಿರುಚಿಕೊಂಡು ನಡೆಯುವ ವಾಹನಕ್ಕೆ ಈ ಕಾಲು ಭಾಗ ಸಣ್ಣ ಮಾತಲ್ಲ.

ಇಷ್ಟಾಗಿಯೂ ಜೀಪನ್ನು ಎತ್ತರಿಸಬೇಕೆನ್ನುವ ಬಹುಮಂದಿ ಹಿಡಿಯುವುದು ಬೇರೆ ದಾರಿಗಳನ್ನು. ಕೆಲವರು ಲಾರಿಯ ದಪ್ಪ ಪಟ್ಟಿಯೊಂದನ್ನು ಕತ್ತರಿಸಿ ಕಟ್ಟಿನೊಳಗೆ ತುರುಕುತ್ತಾರೆ, ಕೆಲವರು ಉದ್ದನೆಯ ಶ್ಯಾಕಲ್ ಹಾಕಿಸುತ್ತಾರೆ, ಇನ್ನು ಕೆಲವರು ಇದ್ದ ಪಟ್ಟಿಯನ್ನೇ ಸುತ್ತಿಗೆಯಿಂದ ಹೊಡೆಸಿ ಕಮಾನು ಏರಿಸುತ್ತಾರೆ. ಈ ಮೂರರಿಂದಲೂ ವಾಹನ ಎತ್ತರವಾಗುತ್ತದೆ ಎಂಬುದು ನಿಜ, ಆದರೆ ಮೊದಲನೆಯದರಲ್ಲಿ ಪಟ್ಟಿ ಬಾಗುವುದನ್ನೇ ಮರೆಯುತ್ತದೆ, ಎರಡನೆಯದರಲ್ಲಿ ಅಚ್ಚಿನ ಕೋನ ಬದಲಾಗಿ ಮುಂಭಾಗದಲ್ಲಾದರೆ ಸ್ಟೇರಿಂಗು ತಾನಾಗಿ ನೇರಕ್ಕೆ ಮರಳುವ ಗುಣ ಕೆಡುತ್ತದೆ, ಮೂರನೆಯದರಲ್ಲಿ ಬಂದ ಎತ್ತರ ಕೆಲವು ತಿಂಗಳುಗಳಲ್ಲಿ ಹೋಗಿಬಿಡುತ್ತದೆ. ಎತ್ತರವೇ ಸಾಮರ್ಥ್ಯವೆಂಬ ಎಣಿಕೆ ತಪ್ಪು. ಒಂದು ಚಕ್ರ ಗಾಳಿಯಲ್ಲಿ ತೂಗುತ್ತಿರುವ ಎತ್ತರದ ಜೀಪಿಗಿಂತ ನಾಲ್ಕೂ ಚಕ್ರ ಊರಿ ನಿಂತ ತಗ್ಗಿನ ಜೀಪು ಜಯಮಂಗಲಿಯ ಮರಳನ್ನು ನೆಮ್ಮದಿಯಾಗಿ ದಾಟುತ್ತದೆ.

ಸುತ್ತಿಗೆಯ ಏಟಿನ ಕಮಾನು ಏಕೆ ನಿಲ್ಲುವುದಿಲ್ಲವೆಂಬುದು ಕುಲುಮೆಯ ವಿಷಯ. ಪಟ್ಟಿಯ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಅದರಲ್ಲಿ ಇಂಗಾಲದ ಜೊತೆಗೆ ಸಿಲಿಕಾನ್ ಮತ್ತು ಮ್ಯಾಂಗನೀಸ್, ಇಲ್ಲವೇ ಕ್ರೋಮಿಯಂ ಮತ್ತು ವನೇಡಿಯಂ ಬೆರೆತಿರುತ್ತವೆ. ಅದನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬೇಕಾದ ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುತ್ತಾರೆ. ಆಗ ಅದು ಗಾಜಿನಂತೆ ಒಡೆಯುವ ಸ್ಥಿತಿಯಲ್ಲಿರುವುದರಿಂದ, ಮತ್ತೆ 450ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಹದ ಕೊಡುತ್ತಾರೆ. ಗಡಸು ಮತ್ತು ಬಾಗು ಎರಡೂ ಕೂಡಿ ಬಾಳುವುದು ಈ ಹದದಲ್ಲಿ ಮಾತ್ರ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಗಾಳಿಗೆ ಆರಲು ಬಿಟ್ಟ ಪಟ್ಟಿ ಹದ ಕಳೆದುಕೊಂಡಿರುತ್ತದೆ, ತಣ್ಣಗಿರುವಾಗಲೇ ಹೊಡೆದು ಬಾಗಿಸಿದ್ದು ತನ್ನ ಹಳೆಯ ಆಕಾರಕ್ಕೆ ಜಾರುತ್ತದೆ, ಪಟ್ಟಿಯ ಮೇಲೆ ಬಿದ್ದ ಒಂದು ವೆಲ್ಡಿಂಗ್ ಚುಕ್ಕೆ ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬಯಲುಸೀಮೆಯ ಕಮ್ಮಾರರು ಈ ಉಕ್ಕಿನ ಗುಣವನ್ನು ಚೆನ್ನಾಗಿ ಬಲ್ಲವರು. ಕಟ್ ಆದ ಲಾರಿ ಪಾಟಾವನ್ನು ಮಚ್ಚು, ಕುಡುಗೋಲುಗಳಾಗಿ ಬಡಿದು ಅಂಚಿಗೆ ಹದ ಹಾಕುವ ಕೈಗಳಲ್ಲಿ ಇರುವುದು ಇದೇ ವಿದ್ಯೆ, ಮತ್ತು ಆ ವಿದ್ಯೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಯಾವ ವಾಹನಕ್ಕೆ ಈ ಮಾತೆಲ್ಲ ಅನ್ವಯಿಸುತ್ತದೆ ಎಂಬುದನ್ನೂ ಗಮನಿಸಬೇಕು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚು ಮತ್ತು ಕಮಾನು ಪಟ್ಟಿ. ಮಹೀಂದ್ರದ ಹಳೆಯ ಜೀಪುಗಳಿಗೂ ಹಾಗೆಯೇ. 2010ರಲ್ಲಿ ಬಂದ ಥಾರ್‌ಗೆ ಹಿಂದೆ ಮಾತ್ರ ಪಟ್ಟಿ ಉಳಿಯಿತು, 2020ರ ಥಾರ್‌ನಲ್ಲಿ ಅದೂ ಹೋಗಿ ನಾಲ್ಕೂ ಕಡೆ ಸುರುಳಿ ಬಂತು. ಅಮೆರಿಕದಲ್ಲಿ 1986ರಲ್ಲಿ ಮಾರುಕಟ್ಟೆಗೆ ಬಂದ ವೈಜೆ ರ‍್ಯಾಂಗ್ಲರ್‌ನ ಪಟ್ಟಿಗಳು ಹಿಂದಿನ ಸಿಜೆ ಜೀಪಿನವುಗಳಿಗಿಂತ ಉದ್ದವೂ ಅಗಲವೂ ಆಗಿದ್ದರಿಂದ, ಅವನ್ನು ತಂದು ಹಳೆಯ ಜೀಪಿಗೆ ಕೂರಿಸುವುದು ಅಲ್ಲಿನ ಕಾರ್ಯಾಗಾರಗಳಲ್ಲಿ ಒಂದು ರೂಢಿಯೇ ಆಯಿತು. ಅಗಲದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ: ಉದ್ದವಾದಷ್ಟೂ ಪಟ್ಟಿ ಪಕ್ಕಕ್ಕೆ ಹೊಯ್ದಾಡುತ್ತದೆ, ಅದನ್ನು ತಡೆಯುವುದು ಅಗಲ.

ನೆಲ ಮತ್ತು ಭಾರ ಎರಡನ್ನೂ ಕೂಡಿಸಿ ನೋಡದೆ ಉದ್ದವನ್ನು ಆರಿಸಲಾಗದು. ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಯಾತ್ರಿಕರನ್ನು ತುಂಬಿಕೊಂಡು ಏರುವ ಜೀಪಿಗೆ ಭಾರ ಹೊರುವ ಬಿಗಿ ಮೊದಲು ಬೇಕು, ಏಕೆಂದರೆ ಹಿಂದಿನ ಪಟ್ಟಿ ಜನರ ಭಾರಕ್ಕೇ ಚಪ್ಪಟೆಯಾಗಿಬಿಟ್ಟರೆ ಕಲ್ಲಿನ ಏಟನ್ನು ನುಂಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಇಬ್ಬರು ಕುಳಿತು ಹೊಳವನಹಳ್ಳಿಯಿಂದ ತೋಟದ ಕಡೆಗೋ ಬೆಟ್ಟದ ಬುಡಕ್ಕೋ ಹೋಗುವ ಜೀಪಿಗೆ ಅಷ್ಟು ಬಿಗಿ ಬೇಡ. ಹಾಗೆಂದು ಅದೇ ಜೀಪು ವಾರಕ್ಕೊಮ್ಮೆ ಗೊಬ್ಬರದ ಮೂಟೆ ಹೇರಿಕೊಂಡು ಬರುವುದಿದ್ದರೆ, ಖಾಲಿ ಇದ್ದಾಗ ಮುಟ್ಟದೆ ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಪಟ್ಟಿಯನ್ನು ಅಡಿಯಲ್ಲಿ ಇಡುವುದು ಸರಿಯಾದ ಉಪಾಯ.

ಉದ್ದನೆಯ ಪಟ್ಟಿಗೆ ಜಾಗ ಎಲ್ಲಿಂದ ಬರಬೇಕೆಂಬುದು ಮುಂದಿನ ಪ್ರಶ್ನೆ. ಹಿಂಭಾಗದಲ್ಲಿ ಶ್ಯಾಕಲ್ಲಿನ ಆಸರೆಯನ್ನು ಹಿಂದಕ್ಕೆ ಸರಿಸಬಹುದು, ಆದರೆ ಅದು ಚಾಸಿಯ ತುದಿಯನ್ನು ಮೀರಿ ಕೆಳಗೆ ಜೋತರೆ ಹಳ್ಳದಿಂದ ಮೇಲೇರುವಾಗ ದಡಕ್ಕೆ ಮೊದಲು ತಗಲುವುದು ಅದೇ ಆಗುತ್ತದೆ. ಮುಂಭಾಗದಲ್ಲಿ ಕಣ್ಣನ್ನು ಬಂಪರಿನಾಚೆಗೆ ಚಾಚಿದರೆ ಬದುವನ್ನು ಏರುವ ಮೊದಲೇ ಅದು ಮಣ್ಣಿಗೆ ನಾಟಿಕೊಳ್ಳುತ್ತದೆ. ಅಚ್ಚು ಕೂರುವ ನಡುಬೋಲ್ಟಿನ ಜಾಗ ಸ್ವಲ್ಪ ಆಚೀಚೆಯಾದರೂ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಕೋನವೂ ಬದಲಾಗುತ್ತವೆ. ಚಕ್ರ ಹೆಚ್ಚು ಕೆಳಕ್ಕೆ ಇಳಿಯುವಂತಾದ ಮೇಲೆ ಹಳೆಯ ಉದ್ದದ ಶಾಕ್ ಅಬ್ಸಾರ್ಬರ್ ಕೊನೆ ಮುಟ್ಟಿ ಕಿತ್ತುಬರುತ್ತದೆ, ಬ್ರೇಕಿನ ರಬ್ಬರ್ ಕೊಳವೆ ಸೆಳೆದು ಹರಿಯುತ್ತದೆ. ಈ ಎರಡನೆಯದನ್ನು ಅಲಕ್ಷಿಸುವುದು ಪ್ರಾಣಾಪಾಯಕ್ಕೆ ಸಮ. ಉದ್ದ ಮತ್ತು ಮೃದುತ್ವಗಳಿಗೆ ಇನ್ನೊಂದು ಬೆಲೆಯೂ ಇದೆ: ಮರಳಿನಲ್ಲಿ ಕಡಿಮೆ ಗೇರಿನಲ್ಲಿ ಎಂಜಿನ್ ಬಲ ಕೊಟ್ಟಾಗ ಅಚ್ಚು ತಿರುಚಿಕೊಂಡು ಪಟ್ಟಿಯನ್ನು ಹಾವಿನಂತೆ ಎರಡು ಬಾಗಿಗೆ ಒಳಪಡಿಸುತ್ತದೆ, ಹಿಡಿತ ತಪ್ಪಿದೊಡನೆ ಪಟಕ್ಕನೆ ಬಿಚ್ಚಿಕೊಂಡು ಚಕ್ರವನ್ನು ಕುಪ್ಪಳಿಸುತ್ತದೆ. ಇದನ್ನು ತಡೆಯಲು ಅಚ್ಚಿನಿಂದ ಚಾಸಿಗೆ ಪ್ರತ್ಯೇಕ ಸರಳೊಂದನ್ನು, ಪಟ್ಟಿಯ ಏರಿಳಿತಕ್ಕೆ ಅಡ್ಡಿಯಾಗದಂತೆ, ಜೋಡಿಸಬೇಕಾಗುತ್ತದೆ.

ಕಾನೂನಿನ ಎಲ್ಲೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿದಿದೆ. ಆದ್ದರಿಂದ ಚಕ್ರಗಳ ಅಂತರವನ್ನು ಬದಲಿಸುವಂಥ ಕೆಲಸಕ್ಕೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ. ಜೀಪು ಓಡಿಸುವ ನೆಲಕ್ಕೂ ಎಲ್ಲೆಯುಂಟು: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಹುಲ್ಲುಗಾವಲಂತೂ ಯಾವ ಜೀಪಿನ ಪರೀಕ್ಷೆಗೂ ಇರುವ ನೆಲವಲ್ಲ. ಒಮ್ಮೆ ಚಕ್ರದ ಗುರುತು ಬಿದ್ದ ಒಣಹುಲ್ಲಿನ ಮೈ ಮಳೆಗಾಲಗಳು ಕಳೆದರೂ ಮುಚ್ಚುವುದಿಲ್ಲ.

ಅಳತೆ ತೆಗೆಯುವ ಕ್ರಮ ಸರಳವಾಗಿದೆ. ವಾಹನವನ್ನು ಸಮನೆಲದಲ್ಲಿ, ಸದಾ ಹೊರುವಷ್ಟೇ ಭಾರದೊಂದಿಗೆ ನಿಲ್ಲಿಸಿ, ನಾಲ್ಕು ಮೂಲೆಗಳ ಭಾರವನ್ನೂ ಪಟ್ಟಿ ಕುಸಿದು ನಿಂತಾಗ ಕಣ್ಣಿನಿಂದ ಕಣ್ಣಿಗೆ ಇರುವ ಅಂತರವನ್ನೂ ಬರೆದುಕೊಳ್ಳಬೇಕು. ಹೊಸ ಪಟ್ಟಿ ಎಷ್ಟು ಹೆಚ್ಚು ಕುಸಿಯುತ್ತದೆಯೋ ಅಷ್ಟೇ ಹೆಚ್ಚಿನ ಬಾಗನ್ನು ಅದಕ್ಕೆ ಮೊದಲೇ ಕೊಡಿಸಬೇಕು. ಹಿಂದಿನ ಉದಾಹರಣೆಯ ಏಳು ಪಟ್ಟಿಗಳ ಕಟ್ಟು 300 ಕಿಲೋಗ್ರಾಮಿಗೆ ಸುಮಾರು 111 ಮಿಲಿಮೀಟರ್ ಕುಸಿಯುವುದರಿಂದ, ಮೊದಲಿನ ಎತ್ತರವನ್ನು ಉಳಿಸಿಕೊಳ್ಳಲು 26 ಮಿಲಿಮೀಟರ್ ಹೆಚ್ಚಿನ ಕಮಾನು ಬೇಕಾಗುತ್ತದೆ. ಪಟ್ಟಿಯನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳು ಒಮ್ಮೆ ಬಿಗಿದ ಮೇಲೆ ಹಿಗ್ಗಿರುವುದರಿಂದ ಹಳೆಯವನ್ನು ಮತ್ತೆ ಬಳಸಬಾರದು. ಕಣ್ಣುಗಳೊಳಗಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಜಾಕಿನ ಮೇಲೆ ಚಕ್ರ ನೇತಾಡುತ್ತಿರುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ವಾಹನದ ಭಾರವೆಲ್ಲ ನೆಲಕ್ಕೆ ಇಳಿದ ಮೇಲೆ ಅವಕ್ಕೆ ಕೊನೆಯ ಬಿಗಿ ಕೊಡಬೇಕು. ಕೆಲವು ನೂರು ಕಿಲೋಮೀಟರ್ ಓಡಿ ಹೊಸ ಪಟ್ಟಿಗಳು ಒಂದಕ್ಕೊಂದು ಕೂತ ಬಳಿಕ ಯು ಬೋಲ್ಟುಗಳ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು, ಏಕೆಂದರೆ ನಡುಬೋಲ್ಟು ಕಟ್ ಆಗಿ ಅಚ್ಚು ಸರಿಯುವುದು ಬಹುಮಟ್ಟಿಗೆ ಈ ನಟ್ಟುಗಳು ಸಡಿಲವಾದಾಗಲೇ.