ಒಲಿಂಪಿಕ್ಸ್ ನಾಯಕನಾದ ವೈದ್ಯಕೀಯ ವಿದ್ಯಾರ್ಥಿ

ಆಟದ ಹುಚ್ಚು ಹಿಡಿದ ಹುಡುಗನಿಗೆ ವಿದ್ಯೆ ಹತ್ತುವುದಿಲ್ಲವೆಂಬುದು ನಮ್ಮ ಮನೆಗಳಲ್ಲಿ ಹಿರಿಯರ ನಂಬಿಕೆ. ಹಾಜರಿ ಪುಸ್ತಕ ಹಿಡಿದ ಅಧ್ಯಾಪಕರಂತೂ ಅದನ್ನು ಅಲ್ಲಗಳೆಯಲಾರರು. ಆದರೆ ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವನ್ನು ಮೊಟ್ಟಮೊದಲು ಒಲಿಂಪಿಕ್ಸ್‌ಗೆ ಕೊಂಡೊಯ್ದ ನಾಯಕರು ಇನ್ನೂ ವೈದ್ಯ ಪದವಿ ಪಡೆಯದ ವಿದ್ಯಾರ್ಥಿಯಾಗಿದ್ದರೆಂಬುದನ್ನು ಬಲ್ಲವರೆಷ್ಟು ಮಂದಿ? ಅವರೇ ತಾಲಿಮೆರೆನ್ ಆವೊ.

ನಾಗಾ ಬೆಟ್ಟಗಳ ಚಾಂಗ್‌ಕಿ ಎಂಬ ಹಳ್ಳಿಯಲ್ಲಿ 1918ರ ಜನವರಿ 28ರಂದು ಅವರ ಜನನ. ತಂದೆ ಕ್ರೈಸ್ತ ಪಾದ್ರಿಗಳು. ಆವೊ ಹರೆಯದಲ್ಲಿದ್ದಾಗಲೇ ಅವರು ವಿಷಮಶೀತಜ್ವರದಿಂದ ತೀರಿಕೊಂಡರು. ಮಗನು ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಆ ತಂದೆಯ ಕಡೆಯ ಆಸೆಯಾಗಿತ್ತು. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದುತ್ತ, ಅಲ್ಲಿನ ಮಹಾರಾಣಾ ಕ್ಲಬ್ಬಿನ ಪರವಾಗಿ ಆಡುತ್ತ ಬೆಳೆದ ತರುಣ 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಮರುವರ್ಷವೇ ಮೋಹನ್ ಬಗಾನ್ ಕ್ಲಬ್ಬು ಅವರನ್ನು ಬರಮಾಡಿಕೊಂಡಿತು.

ಅದು ಶಾಂತವಾಗಿ ಕುಳಿತು ಓದುವ ಕಾಲವಾಗಿರಲಿಲ್ಲ. 1943ರಲ್ಲಿ ಬಂಗಾಳವನ್ನು ಭೀಕರ ಕ್ಷಾಮ ಬಡಿಯಿತು. ಹಸಿದ ಹಳ್ಳಿಗರು ಕಲ್ಕತ್ತೆಯ ಬೀದಿಗಳಲ್ಲಿ ಸತ್ತು ಬಿದ್ದರು. 1944ರ ವಸಂತದಲ್ಲಿ ಜಪಾನೀ ಸೈನ್ಯವು ನಾಗಾ ಬೆಟ್ಟಗಳ ಕೊಹಿಮಾವನ್ನೇ ಮುತ್ತಿತು. 1946ರಲ್ಲಿ ಮತೀಯ ಹತ್ಯಾಕಾಂಡವು ನಗರವನ್ನು ನಡುಗಿಸಿತು. ಇಂಥ ಊರಿನಲ್ಲಿ ಒಂದೆಡೆ ಶರೀರಶಾಸ್ತ್ರ, ಇನ್ನೊಂದೆಡೆ ಮೈದಾನ! ಅದೂ ಎಂಥ ಕ್ಲಬ್ಬು! 1911ರಲ್ಲಿ ಆಂಗ್ಲ ಸೈನಿಕರ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದ ಕ್ಲಬ್ಬು. ಅದರ ಸೋಲನ್ನು ಮನೆಯ ಸಾವಿನಂತೆ ಭಾವಿಸುವ ಅಭಿಮಾನಿಗಳೆದುರು ಆಡುವುದಲ್ಲದೆ, ಆವೊ ನಾಯಕತ್ವದ ಹೊರೆಯನ್ನೂ ಹೊತ್ತರು.

1948ರ ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಭಾರತದ ಧ್ವಜವನ್ನು ಹಿಡಿದು ನಡೆದವರೂ ಅವರೇ. ಜುಲೈ 31ರಂದು ಇಲ್‌ಫರ್ಡಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದರು. ನಮ್ಮ ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. ಸಾರಂಗಪಾಣಿ ರಾಮನ್ ಒಂದು ಗೋಲನ್ನು ಗಳಿಸಿ ಸಮ ಮಾಡಿದರು; ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರೆಂಚರು ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದರು. ಬೂಟಿಲ್ಲದ ಕಾಲುಗಳನ್ನು ಕಂಡು ಬೆರಗಾಗಿ ಪ್ರಶ್ನಿಸಿದವರಿಗೆ, ನಾವು ಆಡುವುದು ಫುಟ್‌ಬಾಲು, ನೀವು ಆಡುವುದು ಬೂಟ್‌ಬಾಲು ಎಂಬರ್ಥದ ಮಾತಿನಿಂದ ಆವೊ ಉತ್ತರಿಸಿದರೆಂದು ಹೇಳುತ್ತಾರೆ. ಸೋತ ನಾಯಕನಿಗೆ ಇಷ್ಟು ವಿನೋದವುಳಿದಿದ್ದರೆ ಅದು ಸಣ್ಣ ಗುಣವಲ್ಲ.

ಲಂಡನ್ನಿನ ಆರ್ಸೆನಲ್ ಕ್ಲಬ್ಬು ಅವರನ್ನು ಆಹ್ವಾನಿಸಿತೆಂಬ ಮಾತೂ ಪ್ರಚಲಿತವಾಗಿದೆ. ಅದೇನೇ ಇರಲಿ, ಅವರು ಮರಳಿ ಪುಸ್ತಕಗಳ ಬಳಿಗೆ ಬಂದರು. ಎಂ.ಬಿ.ಬಿ.ಎಸ್. ಪದವಿ ಕೈಗೆ ಬಂದುದು 1950ರಲ್ಲಿ, ಅಂದರೆ ಕಾಲೇಜನ್ನು ಸೇರಿದ ಎಂಟು ವರ್ಷಗಳ ಮೇಲೆ. ಎರಡು ದೋಣಿಗಳಲ್ಲಿ ಕಾಲಿಟ್ಟವರು ಸುಂಕವಿಲ್ಲದೆ ದಡ ಸೇರಿದರೆಂದು ಯಾರೂ ತಿಳಿಯಬೇಕಾಗಿಲ್ಲ. ಆಗ ಅವರಿಗೆ ಮೂವತ್ತೆರಡು ವಯಸ್ಸು. ಪದವಿ ಪಡೆದೊಡನೆ ಚೆಂಡನ್ನು ಬದಿಗಿಟ್ಟು, ಅಸ್ಸಾಮಿನ ದಿಬ್ರುಗಢದ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲುಗಳ ವಿಭಾಗದ ಸಹಾಯಕ ಶಸ್ತ್ರವೈದ್ಯರಾದರು.

ಮರುವರ್ಷ, 1951ರ ಮಾರ್ಚಿಯಲ್ಲಿ, ದೆಹಲಿಯ ಪ್ರಥಮ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಇರಾನನ್ನು 1-0ಯಿಂದ ಸೋಲಿಸಿ ಸ್ವರ್ಣಪದಕ ಗಳಿಸಿತು. ನಾಯಕರಾಗಿದ್ದವರು ಲಂಡನ್ನಿನಲ್ಲಿ ಆವೊ ಅವರ ಜೊತೆಗಾರರಾಗಿದ್ದ ಶೈಲೇನ್ ಮನ್ನಾ. ಆ ಪದಕದಲ್ಲಿ ಹಳೆಯ ನಾಯಕರಿಗೆ ಪಾಲಿರಲಿಲ್ಲ.

1953ರಲ್ಲಿ ಆವೊ ಕೊಹಿಮಾದ ಸರ್ಕಾರಿ ಆಸ್ಪತ್ರೆಗೆ ಬಂದರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವು ರೂಪುಗೊಂಡಾಗ ಅದರ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ, 1978ರಲ್ಲಿ ನಿವೃತ್ತರಾಗುವವರೆಗೂ ಆ ಬೆಟ್ಟದ ಜನರ ನಡುವೆಯೇ ಉಳಿದರು.