ಜಾಲತಾಣಗಳಲ್ಲಿ ಕನ್ನಡದ ಅಕ್ಷರರೂಪ

ಪ್ರಕಟಣೆಯೊಂದು ಜನರಿಗೆ ತಲುಪಿತೆಂದು ಹೇಳಬೇಕಾದರೆ ಅದು ಅವರ ಕಣ್ಣಿಗೆ ಓದುವಂತೆ ಕಾಣಬೇಕು. ಅರ್ಜಿ, ಆಜ್ಞೆ, ಪರೀಕ್ಷೆಯ ಫಲಿತಾಂಶ, ಪಹಣಿ ಮುಂತಾದುವು ಇಂದು ಜಾಲತಾಣಗಳ ಮೂಲಕವೇ ದೊರೆಯುತ್ತಿರುವಾಗ, ಅಲ್ಲಿ ಕನ್ನಡದ ಅಕ್ಷರಗಳು ಯಾವ ರೂಪದಲ್ಲಿ ಗೋಚರಿಸುತ್ತವೆಂಬುದು ಬರಿಯ ಅಲಂಕಾರದ ವಿಚಾರವಲ್ಲ. ಅದು ನಾಗರಿಕರ ಹಕ್ಕಿನ ವಿಚಾರವೆಂದೇ ನಮ್ಮ ಅಭಿಪ್ರಾಯ.

ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಮೊಳೆಯಿಂದಾಗಲಿ ಕಲ್ಲಿನಿಂದಾಗಲಿ ಒಮ್ಮೆ ಕಾಗದದ ಮೇಲೆ ಮೂಡಿದ ಅಕ್ಷರವು ಯಾರ ಕೈಗೆ ಹೋದರೂ ತನ್ನ ರೂಪವನ್ನು ಬಿಡದು. ಜಾಲತಾಣದ ರೀತಿ ಬೇರೆ. ಅಲ್ಲಿಂದ ಹೊರಡುವುದು ಅಕ್ಷರಗಳ ಸಂಕೇತಸಂಖ್ಯೆಗಳು ಮಾತ್ರ. ಅವುಗಳಿಗೆ ಆಕಾರ ಕೊಡುವ ಫಾಂಟು ಓದುಗರ ಯಂತ್ರದಲ್ಲಿಯೇ ಇರಬೇಕು, ಇಲ್ಲವೆ ಪುಟದೊಡನೆ ಬರಬೇಕು.

ನುಡಿ, ಬರಹ ಮೊದಲಾದ ತಂತ್ರಾಂಶಗಳು ಗಣಕಯಂತ್ರಕ್ಕೆ ಕನ್ನಡವನ್ನು ತಂದು ಮಹದುಪಕಾರ ಮಾಡಿದುವು. ಆದರೆ ಅಂದಿನ ಫಾಂಟುಗಳು ರೋಮನ್ ಲಿಪಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿದ್ದಿತು. 1991ರ ಯೂನಿಕೋಡ್ ಕ್ರಮವು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟು ಈ ಗೊಂದಲಕ್ಕೆ ಪರಿಹಾರ ತೋರಿಸಿತು. ಪುಟದೊಡನೆ ಫಾಂಟನ್ನೂ ಕಳುಹಿಸುವ 'ವೋಫ್' ಎಂಬ ಕ್ರಮವನ್ನು, ಜಾಲದ ನಿಯಮಗಳನ್ನು ಗೊತ್ತುಪಡಿಸುವ ಡಬ್ಲ್ಯು3ಸಿ ಸಂಸ್ಥೆಯು 2012ರಲ್ಲಿಯೂ, ಅದರ ಇನ್ನೂ ಹಗುರವಾದ ಎರಡನೆಯ ರೂಪವನ್ನು 2018ರಲ್ಲಿಯೂ ಅಂಗೀಕರಿಸಿತು. ಆದುದರಿಂದ ಓದುಗರ ಯಂತ್ರದಲ್ಲಿ ಫಾಂಟಿಲ್ಲವೆಂಬ ಸಬೂಬಿಗೆ ಇಂದು ಆಸ್ಪದವಿಲ್ಲ.

ಹೀಗಿದ್ದರೂ ಕನ್ನಡದ ಪ್ರಕಟಣೆಯನ್ನು ಚಿತ್ರವಾಗಿ ಮಾಡಿ ಅಂಟಿಸುವ ಅಭ್ಯಾಸವು ಪೂರ್ತಿಯಾಗಿ ತೊಲಗಿಲ್ಲ. ಚಿತ್ರದೊಳಗಿನ ಮಾತನ್ನು ಹುಡುಕಿ ತೆಗೆಯುವುದು ಕಷ್ಟ. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಮೂಕವಸ್ತು. ಅಕ್ಷರವನ್ನು ಅಕ್ಷರವಾಗಿಯೇ ಕಳುಹಿಸುವುದು ಮೊದಲ ಕರ್ತವ್ಯ.

ಎರಡನೆಯದು, ನಮ್ಮ ಲಿಪಿಯ ಸ್ವಭಾವವನ್ನು ಅರಿತು ಪುಟವನ್ನು ರಚಿಸುವುದು. ರೋಮನ್ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ' ಎಂಬಲ್ಲಿ ಷಕಾರದ ಜೊತೆಗೆ ಟಕಾರ, ರಕಾರಗಳೆರಡೂ ಕೆಳಗೆ ಸೇರಿವೆ. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಗುಂಡಿಗಳ ಮೇಲಿನ ಬರಹದಲ್ಲಿ ಒತ್ತು ಕತ್ತರಿಸಿಯೇ ಹೋಗುತ್ತದೆ. ದಪ್ಪಕ್ಷರದ ಫಾಂಟನ್ನು ಕೊಡದೆ ಯಂತ್ರವೇ ಅಕ್ಷರವನ್ನು ದಪ್ಪಗೊಳಿಸಲು ಬಿಟ್ಟರೆ ಒಳಗಿನ ಸುಳಿಗಳು ತುಂಬಿ, ಥಕಾರ ಧಕಾರಗಳ ಭೇದವು ಮಸುಕಾಗುತ್ತದೆ.

ಪುಟವು ಬೇಗ ತೆರೆಯಲೆಂದು ಫಾಂಟಿನ ಭಾರವನ್ನು ಇಳಿಸುವುದು ಯುಕ್ತವೇ ಸರಿ. ಆದರೆ ಒತ್ತಕ್ಷರಗಳನ್ನು ಕೂಡಿಸುವ ನಿಯಮಗಳೂ ಫಾಂಟಿನೊಳಗೇ ಅಡಕವಾಗಿರುತ್ತವೆ. 'ರ‍್ಯಾಂಕ್' ಎಂದು ಯಕಾರವನ್ನು ಒತ್ತಾಗಿ ಬರೆಯಲು ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಬೇಕು. ಇಂಥವನ್ನು ನಿರುಪಯೋಗವೆಂದು ಕತ್ತರಿಸಿಹಾಕಿದರೆ ಅಕ್ಷರವು ಒಡೆದುಹೋಗುವ ಸಂಭವವುಂಟು.

ಆರಿಸಿಕೊಳ್ಳಲು ಒಳ್ಳೆಯ ಫಾಂಟುಗಳ ಕೊರತೆಯಿಲ್ಲ. ನೋಟೊ, ಅನೇಕ್, ಬಾಲೂ ತಮ್ಮ, ಟಿರೊ ಇವೆಲ್ಲವೂ ಕನ್ನಡಕ್ಕೆ ಬಂದಿವೆ. ಎಲ್ಲವೂ ಮುಕ್ತ ಪರವಾನಗಿಯವಾದುದರಿಂದ ಬೊಕ್ಕಸಕ್ಕೆ ಹೊರೆಯಿಲ್ಲ. ದೀರ್ಘವಾದ ಬರಹಕ್ಕೆ ನೋಟೊ ಅಥವಾ ಟಿರೊ ಒಪ್ಪುತ್ತದೆ. ಉಬ್ಬಿದ ಮೈಯ ಬಾಲೂ ತಲೆಬರಹಕ್ಕೆ ತಕ್ಕುದು. ನೋಟಕ್ಕೆ ಚೆಲುವಾದುದೆಲ್ಲ ಓದಿಗೆ ಅನುಕೂಲವಲ್ಲವೆಂಬುದನ್ನು ಮರೆಯಬಾರದು.

ಕನ್ನಡವು ರಾಜ್ಯದ ಆಡಳಿತಭಾಷೆಯೆಂದು 1963ರ ಶಾಸನವು ಸಾರಿತು. ಶಾಸನದ ಗೌರವವು ಪುಟದ ಮೇಲೂ ಕಾಣಬೇಡವೆ? ಯಾವ ಇಲಾಖೆಯವರೇ ಆಗಲಿ, ತಾಣವನ್ನು ಪ್ರಕಟಿಸುವ ಮುನ್ನ ಕಡಿಮೆ ಬೆಲೆಯ ಮೊಬೈಲೊಂದರಲ್ಲಿ ಅದನ್ನು ತೆರೆದು, 'ಸ್ತ್ರೀ', 'ರಾಷ್ಟ್ರ', 'ಕಾರ್ಯಾಲಯ' ಎಂಬ ಮೂರು ಮಾತುಗಳನ್ನು ಓದಿನೋಡಲಿ. ಅವು ಕೆಡದೆ ಕಂಡರೆ ಉಳಿದುದರ ಮೇಲೆ ಭರವಸೆಯಿಡಬಹುದು. ಇದಕ್ಕೆ ಹೊಸ ಸಮಿತಿಯೂ ಬೇಡ, ಹೆಚ್ಚಿನ ಹಣವೂ ಬೇಡ. ಬೇಕಾದುದು ಸ್ವಲ್ಪ ಶ್ರದ್ಧೆ. ಅಷ್ಟನ್ನು ಅಧಿಕಾರಿಗಳಿಂದ ನಿರೀಕ್ಷಿಸುವುದು ಅತಿಯಾಸೆಯಾಗಲಾರದೆಂದು ನಂಬಿದ್ದೇವೆ.